ಎರಡು ಸೆಕೆಂಡ್ ಮತ್ತು ನನ್ನ ಆರು ವರ್ಷ

ಕಾರವಾರದ ಟಾಗೋರ್ ಬೀಚಲ್ಲಿ ಓಡುವ ಹುಡುಗರ ಮೇಲೆ ನಾನೊಂದು ಡಾಕ್ಯುಮೆಂಟರಿ ಮಾಡುತ್ತಿದ್ದೆ, ಕೆಲವರಿಗೆ ನೆನಪಿರಬಹುದು. 2019ರ ಮಳೆಗಾಲ ಮುಗಿದ ಮೇಲೆ ಶುರುವಾಗಿದ್ದು. ಯಾರಾದರೂ ಕೇಳಿದರೆ "ಎಡಿಟಿಂಗ್ ನಡೀತಾ ಇದೆ" ಅನ್ನುತ್ತಿದ್ದೆ. ಶುದ್ಧ ಸುಳ್ಳು. ಹಾರ್ಡ್ ಡಿಸ್ಕ್ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಕಪಾಟು ಸೇರಿತ್ತು. ಲೆನ್ಸಿಗೆ ನಮ್ಮೂರ ಮಳೆಗಾಲದ ದಯೆಯಿಂದ ಫಂಗಸ್ ಹಿಡಿದಿತ್ತು.

ಐದು ಹುಡುಗರು. ಎಲ್ಲರಿಗೂ ಮಿಲಿಟರಿ ಸೇರುವ ಆಸೆ. ಆಗಿನ ಭರ್ತಿ ರ್ಯಾಲಿಯಲ್ಲಿ 1.6 ಕಿ.ಮೀ. ಓಟ. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ 60 ಅಂಕ ಸಿಗುತ್ತಿತ್ತು, 5.45ರೊಳಗಾದರೆ 48. ಆಮೇಲೆ ಬಂದವರು ಮನೆಗೆ. ಒಣ ಮರಳಲ್ಲಿ ಕಾಲು ಹೂತು ಹೋಗುತ್ತದೆ. ಅದಕ್ಕೆ ನೀರು ಇಳಿದಾಗ ಹಸಿ ಮರಳಲ್ಲಿ ಓಡುತ್ತಿದ್ದರು. ಇಳಿತವೋ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಮೊದಲ ವಾರ ನಾನು ನೀಟಾಗಿ ಶೂಟಿಂಗ್ ಟೈಮ್‌ಟೇಬಲ್ ಬರೆದುಕೊಂಡು ಹೋಗಿದ್ದೆ. ಒಬ್ಬ ನೋಡಿ ನಕ್ಕ. "ಅಣ್ಣಾ, ಈ ಟೈಮಿಗೆ ಬಂದ್ರೆ ಈಜಬೇಕು."

2020ರಲ್ಲಿ ಕೋವಿಡ್ ಬಂತು. ಎರಡು ವರ್ಷ ಹೆಚ್ಚಿನ ರ್ಯಾಲಿಗಳು ನಡೆಯಲೇ ಇಲ್ಲ. ಹುಡುಗರ ವಯಸ್ಸು ಮಾತ್ರ ನಿಲ್ಲಲಿಲ್ಲ. 2022ರ ಜೂನಲ್ಲಿ ಅಗ್ನಿಪಥ್ ಬಂತು. ನಾಲ್ಕು ವರ್ಷದ ನೌಕರಿ, ಆಮೇಲೆ ಉಳಿಯುವವರು ಹೆಚ್ಚೆಂದರೆ ನೂರಕ್ಕೆ 25 ಮಂದಿ. ಆ ವರ್ಷಕ್ಕಷ್ಟೇ ವಯೋಮಿತಿ 21ರಿಂದ 23ಕ್ಕೆ ಏರಿಸಿದರು. ಅಷ್ಟರಲ್ಲಿ ನಾಲ್ವರು ಕೆಲಸ ಹುಡುಕಿ ಗೋವಾಕ್ಕೆ ಹೋಗಿದ್ದರು. ಉಳಿದ ಒಬ್ಬ ರ್ಯಾಲಿಯಲ್ಲಿ ಓಡಿದ. 5.47.

ಅಲ್ಲಿಗೆ ನಾನೂ ಕ್ಯಾಮೆರಾ ಇಟ್ಟುಬಿಟ್ಟೆ. ದುಡ್ಡು ಮುಗಿದಿತ್ತು ನಿಜ. ಆದರೆ ದುಡ್ಡಿಗಿಂತ ಜಾಸ್ತಿ ಕಾಡಿದ್ದು ಬೇರೆ. ಕೊನೆಯ ಶಾಟ್ ನಾನು ಮೊದಲೇ ತಲೆಯಲ್ಲಿ ತೆಗೆದಿಟ್ಟಿದ್ದೆ. ಯೂನಿಫಾರ್ಮ್ ಹಾಕಿದ ಹುಡುಗ, ಬಾಗಿಲಲ್ಲಿ ಅಮ್ಮ, ಕೈಯಲ್ಲಿ ಆರತಿ ತಟ್ಟೆ. ಅದು ಸಿಗಲಿಲ್ಲ ಅಂತ ಸಿನಿಮಾನೇ ಬೇಡವಾಯಿತು. ರ್ಯಾಲಿಯವರಾದರೂ ಓಡಿಸಿ ನೋಡಿ ಫೇಲ್ ಮಾಡಿದರು. ನಾನು ಅವರು ಓಡಿದ್ದನ್ನೇ ಯಾರಿಗೂ ತೋರಿಸದೆ ಫೇಲ್ ಮಾಡಿದ್ದೆ. ಇದನ್ನು ಒಪ್ಪಿಕೊಳ್ಳೋಕೆ ಇಷ್ಟು ವರ್ಷ ಬೇಕಾಯಿತು ನೋಡಿ.

ಈ ಆಗಸ್ಟಲ್ಲಿ, 61 ದಿನದ ಮೀನುಗಾರಿಕೆ ನಿಷೇಧ ಮುಗಿದ ವಾರ, ಬಂಗಡೆ ತರೋಣ ಅಂತ ಬೈತಖೋಲ ಬಂದರಿಗೆ ಹೋಗಿದ್ದೆ. ಬೋಟಿಗೆ ಐಸ್ ಹಾಕುತ್ತಿದ್ದವನು ತಿರುಗಿ ನೋಡಿದ. ಅವನೇ, 5.47. ನನಗೆ ಮುಖ ತಪ್ಪಿಸುವಷ್ಟೂ ಜಾಗ ಇರಲಿಲ್ಲ. ಸಿನಿಮಾ ಏನಾಯ್ತು ಅಂತ ಕೇಳುತ್ತಾನೆ ಅಂದುಕೊಂಡರೆ, ಅವನು ಕೇಳಿದ್ದೇ ಬೇರೆ.

"ಅಣ್ಣಾ, ನಾನು ಓಡಿದ್ದು ನಿಮ್ಮತ್ರ ಉಂಟಲ್ವಾ? ಕಳಿಸಿ ಮಾರಾಯ್ರೇ. ಈಗ ಬೀಚಲ್ಲಿ ಸಣ್ಣ ಹುಡುಗರಿಗೆ ನಾನೇ ಟೈಮ್ ಹಿಡಿಯೋದು. ಶುರುವಿಗೇ ಜೋರು ಓಡಿ ನಾನು ಎಲ್ಲಿ ಸುಸ್ತಾದೆ ಅಂತ ಅವರಿಗೆ ತೋರಿಸಬೇಕು."

ರಾತ್ರಿ ಡಿಸ್ಕ್ ಹಾಕಿದೆ. ಪುಣ್ಯಕ್ಕೆ ಓಪನ್ ಆಯ್ತು. ಆ ಕ್ಲಿಪ್ಪಿಗೆ ನಾನೇ "ಬೇಡ" ಅಂತ ಹೆಸರಿಟ್ಟಿದ್ದೆ, ಅಲುಗಾಡಿದೆ ಅಂತ. ಅವನ ಜೊತೆ ನಾನೂ ಓಡಿದ್ದೆನಲ್ಲ. ಕೊನೆಯ 400 ಮೀಟರಲ್ಲಿ ಅವನ ಎಡ ಭುಜ ಮೇಲೆದ್ದುಬಿಡುತ್ತದೆ. ಅಲ್ಲಿಂದ ಹೆಜ್ಜೆ ಸಣ್ಣದು. ಹಿಂದೆ ನನ್ನ ಏದುಸಿರು.

ಆ ತುಣುಕಷ್ಟೇ ಕತ್ತರಿಸಿ ಕಳಿಸಿದೆ. ಬೆಳಗ್ಗೆ ಉತ್ತರ ಬಂದಿತ್ತು: "ಪೂರ್ತಿ ಕಳಿಸಿ, ಕಟ್ ಮಾಡಬೇಡಿ."

ಭಾನುವಾರದ ಇಳಿತ ಬೆಳಗ್ಗೆ ಬೇಗ ಉಂಟಂತೆ. ಅವನು ಸ್ಟಾಪ್‌ವಾಚ್ ಹಿಡಿದು ನಿಲ್ಲುತ್ತಾನೆ, ನಾನು ಕ್ಯಾಮೆರಾ ತೆಗೆದುಕೊಂಡು ಹೋಗುತ್ತೇನೆ. ಯಾರ ಹತ್ತಿರವಾದರೂ ಫಂಗಸ್ ಇಲ್ಲದ ಲೆನ್ಸ್ ಖಾಲಿ ಇದ್ದರೆ ಎರಡು ದಿನಕ್ಕೆ ಕೊಡಿ.