ಹನ್ನೆರಡು ಗಂಟೆ ದುಡಿಮೆ, ಮೂರು ದಿನ ರಜೆ: ಅಂಗಡಿಗೆ ಅನ್ವಯಿಸದು

'ಇನ್ನು ಅಂಗಡಿಗಳಲ್ಲಿ ದಿನಕ್ಕೆ 12 ಗಂಟೆಯಂತೆ ನಾಲ್ಕು ದಿನ ದುಡಿದರೆ ಸಾಕು, ಉಳಿದ ಮೂರು ದಿನ ರಜೆ, ಕಾನೂನೇ ಆಗಿದೆ' ಎಂಬ ಸಂದೇಶ ಕಲಬುರಗಿಯ ಸೂಪರ್ ಮಾರ್ಕೆಟ್ ಸುತ್ತಲಿನ ಬಟ್ಟೆ ಅಂಗಡಿ ನೌಕರರ ಮೊಬೈಲ್‌ಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

2023ರಲ್ಲಿ ರಾಜ್ಯ ವಿಧಾನಮಂಡಲ 12 ಗಂಟೆಯ ಪಾಳಿಗೆ ದಾರಿ ಮಾಡಿಕೊಟ್ಟದ್ದು ಕಾರ್ಖಾನೆ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ. ಸೀರೆ ಮಡಚುವವರಿಗೂ ಯಂತ್ರ ನಡೆಸುವವರಿಗೂ ಒಂದೇ ಕಾಯ್ದೆ ಎಂದುಕೊಂಡದ್ದೇ ಎಡವಟ್ಟು. ಅಂಗಡಿಗಳಿಗೆ ಇರುವುದು 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಹೆಚ್ಚುವರಿ ದುಡಿಮೆ ಸೇರಿದರೂ ದಿನಕ್ಕೆ 10 ಗಂಟೆ ಮೀರುವಂತಿಲ್ಲ; ದಾಸ್ತಾನು ಎಣಿಕೆ, ಲೆಕ್ಕಪತ್ರ ಸಿದ್ಧತೆಯ ದಿನಗಳಿಗೆ ಮಾತ್ರ ವಿನಾಯಿತಿ. ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಕೂಲಿ.

ಗೊಂದಲ ಹುಟ್ಟಿಸುವ ಇನ್ನೊಂದು '12' ಇದೇ ಕಾಯ್ದೆಯಲ್ಲಿದೆ. ಬಿಡುವೂ ಸೇರಿ ನೌಕರನ ದಿನ 12 ಗಂಟೆಯೊಳಗೆ ಮುಗಿಯಬೇಕು ಎಂಬುದು ಅದರ ಅರ್ಥ. ಅಷ್ಟು ದುಡಿಸಬಹುದು ಎಂದಲ್ಲ!

2025ರಲ್ಲಿ ಕಾರ್ಮಿಕ ಇಲಾಖೆ ದಿನದ ಮಿತಿ ಏರಿಸುವ ಪ್ರಸ್ತಾವ ಮುಂದಿಟ್ಟದ್ದು ನಿಜ. ಪ್ರಸ್ತಾವ ಕಾಯ್ದೆಯಲ್ಲ, ಅದರಲ್ಲಿ ಮೂರು ದಿನದ ರಜೆಯ ಮಾತೂ ಇರಲಿಲ್ಲ.