ಅವರು ನಿಮ್ಮ ‘ಸಬ್ಜೆಕ್ಟ್’ ಅಲ್ಲ

ನಿನ್ನೆ ರಾತ್ರಿ ಹನ್ನೊಂದಕ್ಕೆ ಧಾರವಾಡ ಮುಟ್ಟಿದೆ. ಬ್ಯಾಗಿನಲ್ಲಿ ಇನ್ನೂ ಮರಳಿದೆ. ಟ್ರೈಪಾಡ್ ತೊಳೆದಿಲ್ಲ. ಬೆಳಿಗ್ಗೆಯಿಂದ ನಾಲ್ಕು ಜನ ಫೋನ್ ಮಾಡಿ, ‘ಫೋಟೋಗ್ರಫಿ ವರ್ಕ್‌ಶಾಪ್ ಹೆಂಗಿತ್ತು? ಫೋಟೋ ಹಾಕ’ ಅಂದರು. ಹಾಕುವುದಿಲ್ಲ. ಯಾಕೆ ಅಂತ ಒಮ್ಮೆ ಕೂತು ಬರೆದುಬಿಡುತ್ತೇನೆ. ಎಲ್ಲರಿಗೂ ಬೇರೆ ಬೇರೆ ಹೇಳುವಷ್ಟು ತಾಳ್ಮೆ ಇವತ್ತು ಇಲ್ಲ.

ಶುಕ್ರವಾರ ಶಾಲೆ ಮುಗಿಸಿಕೊಂಡೇ ಹೊರಟಿದ್ದೆ. ಕಲಘಟಗಿ, ಯಲ್ಲಾಪುರ, ಅರಬೈಲ್ ಘಾಟಿ ಇಳಿದು ಅಂಕೋಲಾ, ಅಲ್ಲಿಂದ ಕುಮಟಾ ಕಡೆ. ಹದಿಮೂರು ಜನ ಇದ್ದೆವು. ಎರಡು ದಿನಕ್ಕೆ 6,500 ರೂಪಾಯಿ. ಮೂರು ತಿಂಗಳಿಂದ ಕಾದಿದ್ದೆ ಅಂತ ನಿಮಗೆಲ್ಲ ಗೊತ್ತು.

ಕಲಿಸಿದ್ದು ಚೆನ್ನಾಗಿತ್ತು. ಅದನ್ನು ಇಲ್ಲ ಅನ್ನುವುದಿಲ್ಲ. ನಮ್ಮ ಧಾರವಾಡದ ಒಣ ಹವೆಯಲ್ಲಿ ಕ್ಯಾಮೆರಾ ಹಿಡಿದವರಿಗೆ ಕರಾವಳಿ ಬೇರೆಯೇ ಪಾಠ. ಎಸಿ ರೂಮಿನಿಂದ ಹೊರಗೆ ತಂದ ಕೂಡಲೇ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಬ್ಯಾಗ್ ತೆರೆಯದೆ ಅರ್ಧ ಗಂಟೆ ಹೊರಗಿಟ್ಟರೆ ಸರಿಯಾಗುತ್ತದೆ ಅಂತ ಗೊತ್ತಾಯಿತು. ಉಪ್ಪು ನೀರಲ್ಲಿ ನಿಲ್ಲಿಸಿದ ಟ್ರೈಪಾಡಿನ ಕಾಲನ್ನು ಅದೇ ದಿನ ಸಿಹಿ ನೀರಲ್ಲಿ ತೊಳೆಯಬೇಕು ಅಂತಲೂ ಗೊತ್ತಾಯಿತು. ಶನಿವಾರ ಸಂಜೆ ಬಂಡೆಗಳ ಹತ್ತಿರ ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬರುವ ಬೆಳಕನ್ನು ಬಹಳ ತಗ್ಗಿಸುವ ಕಪ್ಪು ಗಾಜು) ಹಾಕಿ ತೆಗೆದೆವು. ಫಿಲ್ಟರ್ ಇಲ್ಲದೆ 1/30 ಸೆಕೆಂಡ್ ಸಾಕಾಗುವ ಕಡೆ ಈಗ 30 ಸೆಕೆಂಡಿಗೂ ಸ್ವಲ್ಪ ಜಾಸ್ತಿ ಬೇಕು. ಅಷ್ಟು ಹೊತ್ತಿನಲ್ಲಿ ಅಲೆಗಳೆಲ್ಲ ಸೇರಿ ಹಾಲಿನ ಕೆನೆಯ ಹಾಗೆ ಕಾಣುತ್ತವೆ. ಮೊದಲ ಫ್ರೇಮ್ ನೋಡಿ ನನಗೆ ಕಣ್ಣಲ್ಲಿ ನೀರೇ ಬಂತು.

ಆದರೆ ಅದೇ ದಿನ ಬೆಳಿಗ್ಗೆ ನಡೆದದ್ದು ಬೇರೆ.

ತದಡಿ ಹತ್ತಿರ ಅಘನಾಶಿನಿ ಸಮುದ್ರ ಸೇರುತ್ತದಲ್ಲ, ಅಲ್ಲಿಗೆ ಹೋಗಿದ್ದೆವು. ಶಿರಸಿ ಕಡೆ ಹುಟ್ಟಿ, ದಾರಿಯಲ್ಲಿ ಒಂದೂ ದೊಡ್ಡ ಅಣೆಕಟ್ಟು ಇಲ್ಲದೆ ಸಮುದ್ರ ಮುಟ್ಟುವ ಹೊಳೆ ಅದು. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದು ಕೆಸರು ಮರಳಿನ ದಿಬ್ಬಗಳು ಮೇಲೆ ಬರುತ್ತವೆ. ಆಗ ಊರಿನವರು ಬಳಚು ಆರಿಸಲು ಇಳಿಯುತ್ತಾರೆ. ಬಳಚು ಅಂದರೆ ಚಿಪ್ಪಿನ ಜೀವಿ, ಅಡುಗೆಗೆ ಬಳಸುತ್ತಾರೆ, ಗೋವಾಕ್ಕೂ ಹೋಗುತ್ತದೆ. ಬೆನ್ನು ಬಗ್ಗಿಸಿ, ಮೊಣಕಾಲು ನೀರಲ್ಲಿ, ಕೈಯಲ್ಲೇ ಕೆದಕಿ ತೆಗೆಯುವ ಕೆಲಸ. ಸಿಗುವುದು ಮೂರು ನಾಲ್ಕು ಗಂಟೆ ಅಷ್ಟೇ. ನೀರು ಮತ್ತೆ ಏರಿತು ಅಂದರೆ ಮುಗಿಯಿತು. ನಾಳೆಯ ಇಳಿತ ಇವತ್ತಿಗಿಂತ ಸುಮಾರು 50 ನಿಮಿಷ ತಡ. ಅವರ ಗಡಿಯಾರವೇ ಅದು.

ಆ ಗಡಿಯಾರದ ಮಧ್ಯೆ ನಾವು ಹದಿಮೂರು ಜನ ಇಳಿದೆವು. ಅರವತ್ತು ದಾಟಿದ ಒಬ್ಬ ಅಮ್ಮ ಬುಟ್ಟಿ ಹಿಡಿದು ನಿಂತಿದ್ದರು. ನಮ್ಮನ್ನು ಕರೆದೊಯ್ದವರು ಹೇಳಿದರು, ‘ಒಳ್ಳೆ ಸಬ್ಜೆಕ್ಟ್. ಬೆಳಕು ಹಿಂದಿನಿಂದ ಬರಲಿ, ಮುಖದ ಸುಕ್ಕು ಬಿಡಬೇಡಿ.’ ಹದಿಮೂರು ಲೆನ್ಸುಗಳು ಆ ಮುಖದ ಕಡೆ ತಿರುಗಿದವು. ಬುಟ್ಟಿ ಎತ್ತಿ, ಇನ್ನೊಮ್ಮೆ ಎತ್ತಿ, ಈ ಕಡೆ ನೋಡಿ, ನಗಬೇಡಿ. ನಗಬೇಡಿ ಅಂದರು! ಪಕ್ಕದಲ್ಲಿ ಬೀಸುಬಲೆ ಹಿಡಿದಿದ್ದ ಒಬ್ಬರಿಗೂ ಅದೇ ಪಾಡು. ಮೀನು ಇರುವ ಕಡೆ ಬೀಸುವ ಬಲೆಯನ್ನು ಬೆಳಕು ಚೆನ್ನಾಗಿರುವ ಕಡೆ ಬೀಸಲು ಹೇಳಿದರು. ಒಂದಲ್ಲ, ಹನ್ನೊಂದು ಸಲ. ನಾನು ಎಣಿಸಿದೆ.

‘ನೀರು ಏರ್ತದೆ, ಬೇಗ ತೆಗ್ದು ಮುಗ್ಸಿ’ ಅಂತ ಆ ಅಮ್ಮ ಎರಡು ಸಲ ಹೇಳಿದರು. ಯಾರೂ ಕೇಳಿಸಿಕೊಳ್ಳಲಿಲ್ಲ.

ನಾನೂ ಕೇಳಿಸಿಕೊಳ್ಳಲಿಲ್ಲ. ಅದನ್ನು ಮುಚ್ಚಿಟ್ಟು ಈ ಬರಹ ಬರೆದರೆ ಅದು ಸುಳ್ಳಾಗುತ್ತದೆ. ನನ್ನ ಕಾರ್ಡಿನಲ್ಲಿ ಅವರ 46 ಫ್ರೇಮ್ ಇದ್ದವು.

ರಾತ್ರಿ ಊಟ ಆದಮೇಲೆ ಗೋಡೆಯ ಮೇಲೆ ಎಲ್ಲರ ಫೋಟೋ ಹಾಕಿ ಚರ್ಚೆ ನಡೆಯಿತು. ಆ ಅಮ್ಮನ ಮುಖ ಗೋಡೆಯಷ್ಟು ದೊಡ್ಡದಾಗಿ ಬಂತು. ‘ಟೆಕ್ಸ್ಚರ್ ನೋಡಿ, ಸಬ್ಜೆಕ್ಟ್ ಎಷ್ಟು ಸ್ಟ್ರಾಂಗ್’ ಅಂತ ನಮ್ಮನ್ನು ಕರೆದೊಯ್ದವರು ಅಂದರು. ನಾನು ಎದ್ದು ಕೇಳಿದೆ, ‘ಸರ್, ಅವರ ಹೆಸರು ಏನು?’ ಹದಿಮೂರು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಒಬ್ಬರಿಗೂ.

ಅಲ್ಲಿ ನನಗೆ ನನ್ನ ಅವ್ವ ನೆನಪಾದಳು. ಅವಳು ಖಾನಾವಳಿಯಲ್ಲಿ ರೊಟ್ಟಿ ಬಡಿದು ನನ್ನನ್ನು ಓದಿಸಿದ್ದು ನಿಮಗೆ ಗೊತ್ತಿದೆ. ಇದು ಗೊತ್ತಿಲ್ಲ: ಒಂದು ದಿನ ಯಾರೋ ಕ್ಯಾಮೆರಾ ತಂದು ಅವಳ ಫೋಟೋ ತೆಗೆದುಕೊಂಡು ಹೋದರು. ಎರಡು ವರ್ಷದ ಮೇಲೆ ಹುಬ್ಬಳ್ಳಿಯ ಒಂದು ಹೋಟೆಲಿಗೆ ಊಟಕ್ಕೆ ಹೋದಾಗ ಗೋಡೆಯ ಮೇಲೆ ಅವಳೇ ಇದ್ದಳು. ಒಲೆಯ ಮುಂದೆ, ಬೆವರಿನಲ್ಲಿ, ಸೆರಗು ಜಾರಿ. ಅವ್ವ ಬಹಳ ಹೊತ್ತು ನೋಡಿದಳು. ‘ಒಂದ ಮಾತ ಹೇಳಿದ್ರ ಸೆರಗರ ಸರಿ ಮಾಡ್ಕೋತಿದ್ದೆ’ ಅಂದಳು. ಆ ಊಟ ನಮ್ಮಿಬ್ಬರಿಗೂ ಇಳಿಯಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ನಾನು 46 ಸಲ ಗುಂಡಿ ಒತ್ತಿದ್ದೆ.

ಚರ್ಚೆಯಲ್ಲಿ ಬಂದ ಉತ್ತರ ಎಲ್ಲರೂ ಕೊಡುವ ಉತ್ತರವೇ. ಕೇಳಿ ತೆಗೆದರೆ ಸಹಜತೆ ಹೋಗುತ್ತದೆ, ಜನ ಗಟ್ಟಿಯಾಗಿ ನಿಂತುಬಿಡುತ್ತಾರೆ ಅಂತ. ಬುಟ್ಟಿ ಎತ್ತಿ ಇಳಿಸಿ ಮಾಡಿಸಿದವರು ಸಹಜತೆಯ ಮಾತು ಆಡಬಹುದಾ? ಅದು ನಾವು ಮಾಡಿಸಿದ ನಾಟಕ. ಬಯಲಲ್ಲಿ ತೆಗೆದಿದ್ದೇವೆ, ಯಾರ ಅಪ್ಪಣೆಯೂ ಬೇಡ ಅಂತ ಇನ್ನೊಬ್ಬರು ಅಂದರು. ಅದು ಅವರು ದುಡಿಯುವ ಜಾಗ. ನನ್ನ ಕ್ಲಾಸಿಗೆ ಹದಿಮೂರು ಜನ ನುಗ್ಗಿ, ‘ಟೀಚರ್, ಸೀಮೆಸುಣ್ಣ ಮತ್ತೊಮ್ಮೆ ಎತ್ತಿ’ ಅಂದರೆ ನಾನು ಸುಮ್ನೆ ಇರುತ್ತೇನಾ?

ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಯ ಮಾತು ಹೇಳಿದೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಅಲ್ಲಿಗೆ ಬರುತ್ತವೆ. ಹೋದ ವರ್ಷ ಒಬ್ಬ ಹುಡುಗ ಹಾರುವ ಫೋಟೋ ಬೇಕು ಅಂತ ಜೋರಾಗಿ ಚಪ್ಪಾಳೆ ತಟ್ಟಿದ. ಅಲ್ಲಿದ್ದ ಹತ್ತು ಫೋಟೋಗ್ರಾಫರುಗಳು ಅವನ ಮೈಮೇಲೆ ಹೋದರು. ಹಕ್ಕಿಗೆ ತೊಂದರೆ ಕೊಡಬಾರದು, ಗೂಡಿನ ಹತ್ತಿರ ಹೋಗಬಾರದು, ಇದು ನಮ್ಮೆಲ್ಲರಿಗೂ ಪಾಠ ಆಗಿದೆ. ಒಳ್ಳೆಯದೇ. 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಕರ್ನಾಟಕದ ಜಾಗಗಳಲ್ಲಿ ಮಾಗಡಿ ಕೆರೆಯೂ ಇದೆ, ಇದೇ ಅಘನಾಶಿನಿ ಅಳಿವೆಯೂ ಇದೆ. ಅಲ್ಲಿ ಹೆಬ್ಬಾತಿಗೆ ಕೊಡುವ ಮರ್ಯಾದೆ ಇಲ್ಲಿ ಬಳಚು ಆರಿಸುವ ಅಮ್ಮನಿಗೆ ಯಾಕಿಲ್ಲ? ಯಾರೂ ಉತ್ತರ ಕೊಡಲಿಲ್ಲ. ಒಬ್ಬ ಹುಡುಗಿ ಮಾತ್ರ ಆಮೇಲೆ ನನ್ನ ರೂಮಿಗೆ ಬಂದು, ‘ಅಕ್ಕಾ, ನಾನು ಡಿಲೀಟ್ ಮಾಡಿದೆ’ ಅಂದಳು.

ಭಾನುವಾರ ಬೆಳಿಗ್ಗೆ ಉಳಿದವರು ಸೂರ್ಯೋದಯಕ್ಕೆ ಹೋದರು. ನಾನು ಆಟೋ ಹಿಡಿದು ಹೊಳೆಗೆ ಹೋದೆ. ಅವರು ನೀರಲ್ಲಿದ್ದರು. ದಂಡೆಯಲ್ಲಿ ಕಾಯುತ್ತ ಕೂತೆ. ಬುಟ್ಟಿ ಹೊತ್ತು ಮೇಲೆ ಬಂದಾಗ ಹತ್ತಿರ ಹೋಗಿ, ನಿನ್ನೆ ಕೇಳದೆ ತೆಗೆದೆವು, ತಪ್ಪಾಯಿತು ಅಂದೆ. ಅವರು ನನ್ನ ಮುಖ ನೋಡಿದರು. ಯಾವ ಊರು, ಮಕ್ಕಳೆಷ್ಟು, ತಿಂಡಿ ಆಯ್ತಾ ಅಂತ ಕೇಳಿದರು. ಆಮೇಲೆ ನಾನು ಅವರ ಹೆಸರು ಕೇಳಿದೆ. ಫೋಟೋ ತೆಗೀಲಾ ಅಂದಾಗ, ‘ಈಗ ಬೇಡ, ಹತ್ತು ಗಂಟೆಗೆ ಮನೆಗೆ ಬಾ’ ಅಂದರು.

ಹತ್ತಕ್ಕೆ ಹೋದೆ. ಸ್ನಾನ ಮಾಡಿ, ನೀಲಿ ರೇಷ್ಮೆ ಸೀರೆ ಉಟ್ಟು, ಅಬ್ಬಲಿಗೆ ಮುಡಿದು ಕಾಯುತ್ತಿದ್ದರು. ಮೊಮ್ಮಗಳನ್ನು ಪಕ್ಕಕ್ಕೆ ಕರೆದು ತುಳಸಿ ಕಟ್ಟೆಯ ಮುಂದೆ ನೆಟ್ಟಗೆ ನಿಂತರು. ಬಿಸಿಲು ನೆತ್ತಿಗೆ ಬರುತ್ತಿತ್ತು, ಕಣ್ಣಿನ ಕೆಳಗೆ ನೆರಳು ಬಿತ್ತು, ಹಿಂದೆ ಕರೆಂಟ್ ಕಂಬ ಬಂತು. ಶನಿವಾರ ರಾತ್ರಿಯ ಗೋಡೆಯ ಮೇಲೆ ಆ ಫೋಟೋ ನಿಲ್ಲುತ್ತಿರಲಿಲ್ಲ. ಅವರು ಕ್ಯಾಮೆರಾದ ಹಿಂಭಾಗದಲ್ಲಿ ನೋಡಿ, ಮೊಮ್ಮಗಳಿಗೂ ತೋರಿಸಿ, ಚೆನ್ನಾಗಿದೆ ಅಂದರು.

46 ಫ್ರೇಮುಗಳನ್ನು ಅಳಿಸಿದ್ದೇನೆ. ಈ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕಲಾ ಅಂತ ಅವರನ್ನು ಕೇಳಿಲ್ಲ, ಆದ್ದರಿಂದ ಹಾಕುತ್ತಿಲ್ಲ. ಹೆಸರೂ ಬರೆಯುತ್ತಿಲ್ಲ. ನಾಳೆ ಶಾಲೆ ಬಿಟ್ಟಮೇಲೆ ಸುಭಾಸ್ ರೋಡಿಗೆ ಹೋಗಿ ಎರಡು ದೊಡ್ಡ ಪ್ರಿಂಟ್ ಹಾಕಿಸಬೇಕು. ಒಂದಕ್ಕೆ ಕಟ್ಟು ಹಾಕಿಸು, ಉಪ್ಪು ಗಾಳಿಗೆ ಬೇಗ ಹಾಳಾಗ್ತದೆ ಅಂತ ಅವರೇ ಹೇಳಿದ್ದಾರೆ.