ಸೇನಾಧಿಪತಿಯ ನಾಯಿ, ನಮ್ಮಜ್ಜಿಯ ತತ್ತಿ

ನಮ್ಮಜ್ಜಿ ಹುಟ್ಟಿ ಬೆಳೆದದ್ದು ಬಳ್ಳಾರಿಯ ಕೌಲ್ ಬಜಾರಿನಲ್ಲಿ. ಅವಳ ಅಪ್ಪ ಕಂಟೋನ್ಮೆಂಟಿನ ಒಂದು ಬಂಗಲೆಗೆ ಬಟ್ಟೆ ಇಸ್ತ್ರಿ ಮಾಡಿ ಕೊಡುತ್ತಿದ್ದರು. ಅಲ್ಲಿ ಯಾವನೋ ಮಿಲಿಟರಿ ದೊರೆ ಇದ್ದನಂತೆ. ಅವನ ಹೆಸರು ಅಜ್ಜಿಗೆ ಗೊತ್ತಿರಲಿಲ್ಲ. ಯಾವ ಯುದ್ಧಕ್ಕೆ ಹೋದ, ಗೆದ್ದನೋ ಸೋತನೋ, ಅದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ. "ಆ ದೊರಿ ನಾಯಿಗೆ ದಿನಾ ಎರಡು ತತ್ತಿ ಹಾಕ್ತಿದ್ರಲೇ. ನಮಗ ಹಬ್ಬಕ್ಕೂ ಒಂದು ಸಿಗ್ತಿದ್ದಿಲ್ಲ." ಸಾಯೋ ತನಕ ಇದನ್ನೇ ಹೇಳಿದಳು. ಸಿಟ್ಟು ನಾಯಿ ಮೇಲೋ ದೊರೆ ಮೇಲೋ, ನನಗೆ ಇವತ್ತಿಗೂ ತಿಳಿದಿಲ್ಲ.

ಹೋದ ವರ್ಷ ಮಗಳ ಮನೆಗೆ ಹೋಗಿದ್ದೆ. ಲಂಡನ್ನಿನ ಅಂಚಿನಲ್ಲಿರೋ ಕಿಂಗ್‌ಸ್ಟನ್. ಅವಳು ಕೆಲಸಕ್ಕೆ ಹೋದ ಮೇಲೆ ನನಗೆ ವಾಕಿಂಗ್ ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಹೀಗೇ ಒಂದು ದಿನ ಕಿಂಗ್‌ಸ್ಟನ್ ಹಿಲ್ ಹತ್ತಿ ವಾರೆನ್ ರೋಡ್ ಕಡೆ ಹೋದೆ. ಎತ್ತರದ ಗೇಟುಗಳು, ದೊಡ್ಡ ಮರಗಳು, ಪಕ್ಕದಲ್ಲಿ ಗಾಲ್ಫ್ ಮೈದಾನ. ಮಾತಾಡಿಸೋಣ ಅಂದರೆ ಒಂದು ನರಪಿಳ್ಳೆ ಇಲ್ಲ. ನಮ್ಮ ಕಂಟೋನ್ಮೆಂಟೇ ವಾಸಿ, ಒಬ್ಬ ಟೀ ಅಂಗಡಿಯವನಾದರೂ ಸಿಗುತ್ತಾನೆ.

ಆ ರಸ್ತೆಯಲ್ಲಿ ಟೆಲಿಗ್ರಾಫ್ ಕಾಟೇಜ್ ಅಂತ ಒಂದು ಮನೆ ಇತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನಾಧಿಪತಿ ಜನರಲ್ ಐಸೆನ್‌ಹೋವರ್ ಅಲ್ಲಿ ಇದ್ದ. ಮನೆ ಈಗ ಇಲ್ಲ, ಹೆಸರು ಉಳಿದಿದೆ. ಟೆಲಿಗ್ರಾಫ್ ಅಂದ ಕೂಡಲೇ ನಾನು ತಂತಿ ಆಫೀಸು ಅಂದುಕೊಂಡೆ. ಆದರೆ ಇದು ತಂತಿಗಿಂತ ಹಳೆಯ ಕಥೆ. ಲಂಡನ್ನಿನಿಂದ ಪೋರ್ಟ್ಸ್‌ಮತ್ ಬಂದರಿನ ತನಕ ಗುಡ್ಡದಿಂದ ಗುಡ್ಡಕ್ಕೆ ಸಂಕೇತ ಕಂಬಗಳಿದ್ದವು. ಕಂಬದ ಕೈಗಳನ್ನು ಮೇಲೆ ಕೆಳಗೆ ಆಡಿಸಿದರೆ ಮುಂದಿನ ಗುಡ್ಡದವನು ದುರ್ಬೀನಿನಲ್ಲಿ ನೋಡಿ ಅದನ್ನೇ ಮಾಡುತ್ತಿದ್ದ. ಅದರಲ್ಲೊಂದು ಈ ಗುಡ್ಡದ ಮೇಲಿತ್ತು. ಕರೆಂಟಿನ ತಂತಿ ಬಂದಮೇಲೆ 1847ರಲ್ಲಿ ಅದೆಲ್ಲ ನಿಂತಿತು.

ಐಸೆನ್‌ಹೋವರ್ ಲಂಡನ್ನಿಗೆ ಬಂದದ್ದು 1942ರ ಜೂನ್‌ನಲ್ಲಿ. ಮೊದಲು ದೊಡ್ಡ ಹೋಟೆಲಿನಲ್ಲಿ ಇಳಿಸಿದರು. ಆ ಕೋಣೆಗಳ ಬಣ್ಣ, ಆಡಂಬರ ನೋಡಿಯೇ ಅವನಿಗೆ ತಲೆಕೆಟ್ಟಿತಂತೆ. ಊಟ, ಪಾರ್ಟಿ ಅಂತ ಕರೆಯುವವರ ಕಾಟ ಬೇರೆ. ಕೊನೆಗೆ ಅವನ ಸಹಾಯಕ ಹುಡುಕಿಕೊಟ್ಟದ್ದು ಈ ಸಣ್ಣ ಮನೆ. ಇಲ್ಲಿ ಅವನಿರೋದು ಹೊರಗಿನವರಿಗೆ ತಿಳಿಯದ ಹಾಗೆ ನೋಡಿಕೊಂಡರು. ಬಂದವನು ಮಾಡಿದ್ದೇನು? ಒಂದೆರಡು ಹೊಡೆತ ಗಾಲ್ಫ್ ಆಡಿದ, ಕೌಬಾಯ್ ಕಾದಂಬರಿ ಓದಿದ, ನಿದ್ದೆ ಮಾಡಿದ. ಬೂಟು, ಬಟ್ಟೆ ನೋಡಿಕೊಳ್ಳುತ್ತಿದ್ದ ಮಿಕಿ ಮೆಕಿಯೋ ಅನ್ನೋ ಹುಡುಗ ಸೈನ್ಯಕ್ಕೆ ಬರೋ ಮುಂಚೆ ನ್ಯೂಯಾರ್ಕಿನ ಹೋಟೆಲಿನಲ್ಲಿ ಬೆಲ್ ಬಾಯ್ ಆಗಿದ್ದವನು. ಕಾರು ಓಡಿಸುತ್ತಿದ್ದವಳು ಐರ್ಲೆಂಡಿನ ಕೇ ಸಮರ್ಸ್‌ಬಿ.

ಅಲ್ಲೊಂದು ನಾಯಿಯೂ ಇತ್ತು ನೋಡಿ. ಸ್ಕಾಟಿ ಅನ್ನೋ ಜಾತಿಯ ಪುಟ್ಟ ಕರಿ ನಾಯಿ. ಹೆಸರು ಟೆಲೆಕ್. ಟೆಲಿಗ್ರಾಫ್ ಕಾಟೇಜಿನ 'ಟೆಲ್', ಕೇ ಹೆಸರಿನ 'ಕೆ' ಸೇರಿಸಿ ಇಟ್ಟದ್ದಂತೆ. 1942ರ ನವೆಂಬರಿನಲ್ಲಿ ಅವನ ಸೈನ್ಯ ಉತ್ತರ ಆಫ್ರಿಕಾದಲ್ಲಿ ಇಳಿಯಿತು. ಆಮೇಲೆ ನಾಯಿಯೂ ಅಲ್ಜಿಯರ್ಸ್‌ಗೆ ಹೋಯಿತು. 1944ರಲ್ಲಿ ವಾಪಸ್ ಬಂದಾಗ ಇಂಗ್ಲೆಂಡಿನ ಕಾಯ್ದೆ ಅಡ್ಡ ಬಂತು. ಹುಚ್ಚುನಾಯಿ ರೋಗದ ಭಯಕ್ಕೆ ಹೊರಗಿನಿಂದ ಬಂದ ಯಾವ ನಾಯಿಯಾದರೂ ಆಗ 6 ತಿಂಗಳು ದೊಡ್ಡಿಯಲ್ಲಿರಬೇಕಿತ್ತು. ಟೆಲೆಕ್ ಕೂಡ ಒಳಗೆ. ಯಜಮಾನ ಅಲ್ಲಿಗೇ ಹೋಗಿ ನೋಡಿಕೊಂಡು ಬರುತ್ತಿದ್ದ. 1944ರ ಜೂನ್ 6ರಂದು ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಸೈನಿಕರನ್ನು ನಾರ್ಮಂಡಿಯಲ್ಲಿ ಇಳಿಸಿದವನಿಗೆ ಒಂದು ನಾಯಿಯನ್ನು ಬಿಡಿಸಿಕೊಂಡು ಬರೋಕೆ ಆಗಲಿಲ್ಲ! ನಮ್ಮಲ್ಲಾಗಿದ್ದರೆ ಒಂದು ಫೋನ್ ಕಾಲ್ ಸಾಕಿತ್ತು, ಅಲ್ವಾ?

ಅದೇ ಜೂನ್ 6ಕ್ಕೆ ಅವನ ಮಗ ಜಾನ್ ಅಮೆರಿಕದಲ್ಲಿ ಮಿಲಿಟರಿ ಕಾಲೇಜು ಮುಗಿಸಿದ. ಅಪ್ಪ ಹೋಗಿ ಕೂರೋ ಹಾಗಿರಲಿಲ್ಲ. ಕೆಲವೇ ದಿನಗಳಲ್ಲಿ ಮಗನೇ ಈ ಮನೆಗೆ ಬಂದ. ಆಗ ಲಂಡನ್ನಿನ ಮೇಲೆ ಜರ್ಮನರ ಹಾರುವ ಬಾಂಬು ಬೀಳುತ್ತಿದ್ದವು. ವಾರೆನ್ ರೋಡಿನಲ್ಲಿ ನಿಂತು ನನಗೆ ಕಣ್ಣಿಗೆ ಕಟ್ಟಿದ್ದು ಇದೇ. ಅಪ್ಪ ಮಗ ಒಂದೇ ಸೂರಿನಡಿ, ಸದ್ದಿಗೆ ಕಿವಿಗೊಟ್ಟು.

ಊರಿಗೆ ಬಂದು ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಮಿರ್ಚಿ ಕಚ್ಚುತ್ತಾ "ನಾಯಿ ಕಥೆನೂ ಇತಿಹಾಸನಾ ಮಾರಾಯ" ಅಂದ. ನನ್ನ ತಕರಾರು ಇರೋದೇ ಇಲ್ಲಿ.

ಬಳ್ಳಾರಿಯಲ್ಲಿ ದೊರೆಗಳನ್ನು ನಾವು ನೆನಪಿಟ್ಟುಕೊಳ್ಳೋದು ಹೇಗೆ? ಒಂದೋ ಗಲ್ಲು, ಇಲ್ಲಾ ಪವಾಡ. ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನ ಕಥೆ ಯಾರಿಗೆ ಗೊತ್ತಿಲ್ಲ? ಕುಂಬಾರ ಗುಡ್ಡ ಕೋಟೆ ಗುಡ್ಡಕ್ಕಿಂತ ಎತ್ತರ ಅಂತ ಹೈದರಾಲಿ ಅವನನ್ನು ಗಲ್ಲಿಗೆ ಹಾಕಿಸಿದನಂತೆ. ಇನ್ನು ಥಾಮಸ್ ಮನ್ರೋ. 1800ರಿಂದ 1807ರ ತನಕ ನಮ್ಮ ಸೀಡೆಡ್ ಜಿಲ್ಲೆಗಳ, ಅಂದರೆ ನಿಜಾಮ ಬ್ರಿಟಿಷರಿಗೆ ಬಿಟ್ಟುಕೊಟ್ಟ ಜಿಲ್ಲೆಗಳ ಕಲೆಕ್ಟರ್. ಆಮೇಲೆ ಮರಾಠರ ಮೇಲಿನ ಯುದ್ಧದಲ್ಲಿ ದಂಡು ನಡೆಸಿದವನು. ಅವನ ರೈತವಾರಿ ಪದ್ಧತಿ ಪರೀಕ್ಷೆ ಪುಸ್ತಕಕ್ಕೆ ಹೋಯಿತು. ಜನರ ಬಾಯಲ್ಲಿ ಉಳಿದದ್ದು ಮಂತ್ರಾಲಯದಲ್ಲಿ ರಾಯರು ಅವನ ಜೊತೆ ಮಾತಾಡಿದ ಕಥೆ. ಗಂಡು ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಟ್ಟದ್ದೂ ಉಂಟು. ಈ ಕಥೆಗಳು ನನಗೂ ಇಷ್ಟ. ಆದರೆ ಅವನ ಅಡಿಗೆ ಮಾಡಿದವರು ಯಾರು, ನೀರು ಹೊತ್ತವರು ಯಾರು, ಕೇಳಿದವರಿಲ್ಲ.

ಹಳೇ ಬಂಗಲೆ ಅಂದರೆ "ಒಂದು ಬೋರ್ಡ್ ಹಾಕಿಸ್ರಿ" ಅಂತ ಶುರು ಮಾಡುತ್ತಾರೆ. ಹಾಕಿಸಿ, ಬೇಡ ಅನ್ನಲ್ಲ. ಅದರಲ್ಲಿ ದೊರೆ ಹೆಸರು, ಪದವಿ, ಇಸವಿ ಬರುತ್ತೆ. ತತ್ತಿ ಬರಲ್ಲ. ಟೆಲಿಗ್ರಾಫ್ ಕಾಟೇಜಿನ ಇಟ್ಟಿಗೆ ಹೋದರೂ ಟೆಲೆಕ್ ಉಳಿದದ್ದು ಅಲ್ಲಿದ್ದ ಸಹಾಯಕ, ಡ್ರೈವರ್, ಬೂಟು ಒರೆಸಿದ ಹುಡುಗ ಎಲ್ಲರೂ ಬರೆದಿಟ್ಟರು ಅಂತ. ನಮ್ಮ ಮುತ್ತಜ್ಜನಿಗೆ ಸಹಿ ಹಾಕೋಕೂ ಬರುತ್ತಿರಲಿಲ್ಲ. ಅಜ್ಜಿ ಬಾಯಲ್ಲಿ ಎರಡು ತತ್ತಿ ಉಳಿದದ್ದೇ ಹೆಚ್ಚು.

ಕೌಲ್ ಬಜಾರಿನಲ್ಲಿ ಒಬ್ಬರು ಹಿರಿಯರಿದ್ದಾರೆ, ತೊಂಬತ್ತರ ಹತ್ತಿರ. ಅವರ ತಾತ ಬಂಗಲೆಯೊಂದರಲ್ಲಿ ಬಾಣಸಿಗ. ಮೊನ್ನೆ ಫೋನ್ ಮಾಡಿ, ತತ್ತಿ ವಿಷಯ ನಿಜವಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದರು. ಆಮೇಲೆ, "ಎರಡಲ್ಲ, ಒಂದು" ಅಂದರು. "ಇನ್ನೊಂದು ನಮ್ಮ ತಾತ ಮನಿಗಿ ತರ್ತಿದ್ದ."